ತರಬೇತಿ ಉಚಿತ, ಆ ಮೂರು ತಿಂಗಳ ಕೂಲಿ ಯಾರು ಕೊಡ್ತಾರೆ?

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಫೌಂಡ್ರಿ ನಡೆಸುವವರನ್ನು ಮಾತಾಡಿಸಿದರೆ ಮೊದಲು ಬರುವ ದೂರು, ಕೆಲಸಕ್ಕೆ ಜನ ಸಿಗುತ್ತಿಲ್ಲ ಅನ್ನೋದು. ವಿಜಯಪುರ ಜಿಲ್ಲೆಯ ತಾಂಡಾಗಳಿಗೆ ಹೋದರೆ ಬೇರೆಯೇ ಮಾತು ಕೇಳುತ್ತದೆ: ಇಲ್ಲಿ ಕೆಲಸ ಎಲ್ಲಿದೆ, ಅದಕ್ಕೇ ಗೋವಾಕ್ಕೆ, ಪುಣೆಗೆ ಗುಳೆ ಹೋಗ್ತೀವಿ. ಎರಡೂ ಕಡೆಯವರು ಸುಳ್ಳು ಹೇಳುತ್ತಿಲ್ಲ. ಒಂದೇ ಸೀಮೆಯಲ್ಲಿ ಕೆಲಸವೂ ಖಾಲಿ ಇದೆ, ಕೈಯೂ ಖಾಲಿ ಇದೆ.

ಇದಕ್ಕೆ ಸಿದ್ಧ ಉತ್ತರ ಒಂದಿದೆ: ನಮ್ಮ ಯುವಕರಲ್ಲಿ ಕೌಶಲ ಇಲ್ಲ, ತರಬೇತಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ. ಆದರೆ ತರಬೇತಿಗೆ ಈಗ ಅಷ್ಟೊಂದು ಬರ ಇಲ್ಲ. ಕೇಂದ್ರದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ 2015ರಿಂದ ನಡೆಯುತ್ತಿದೆ. ಹಳ್ಳಿಯ ಯುವಕರಿಗಾಗಿ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ 2014ರಲ್ಲೇ ಬಂತು. ರಾಜ್ಯದ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ 2017ರದ್ದು. ಸರ್ಕಾರಿ ಐಟಿಐಗಳಿವೆ, ಬೆಳಗಾವಿಯಲ್ಲಿ ಟೂಲ್, ಡೈ ತಯಾರಿಕೆ ಕಲಿಸುವ ಸರ್ಕಾರಿ ಸಂಸ್ಥೆ ಜಿಟಿಟಿಸಿ ಇದೆ, ಬ್ಯಾಂಕುಗಳು ನಡೆಸುವ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು ಜಿಲ್ಲೆ ಜಿಲ್ಲೆಯಲ್ಲಿವೆ. ಹೆಚ್ಚಿನವು ಉಚಿತ. ಇಷ್ಟಿದ್ದೂ ಯಾರಿಗೆ ಮುಖ್ಯವಾಗಿ ತಲುಪಬೇಕೋ ಅವರಿಗೇ ತಲುಪುತ್ತಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟ ಹುಡುಗ, ಮಗ್ಗ ನಿಂತ ಮನೆಯ ಹೆಂಗಸು, ಮೂವತ್ತೈದು ದಾಟಿದ ಗೌಂಡಿ, ಇವರು ಆ ಬಾಗಿಲವರೆಗೂ ಬರುವುದಿಲ್ಲ. ಯಾಕೆ ಬರುವುದಿಲ್ಲ ಅನ್ನೋದಕ್ಕೆ ಉತ್ತರ ಅವರ ಮನೆಯ ಲೆಕ್ಕದಲ್ಲಿದೆ.

ಆ ಲೆಕ್ಕ ಮಾಡಿ ನೋಡೋಣ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ. ಹೊರಗಿನ ಗಂಡಾಳು ಕೂಲಿ ಇದಕ್ಕಿಂತ ಜಾಸ್ತಿಯೇ ಇರುತ್ತದೆ, ಆದರೂ ಇದನ್ನೇ ಹಿಡಿಯೋಣ. ತಿಂಗಳಿಗೆ 26 ದಿನದಂತೆ ಮೂರು ತಿಂಗಳ ತರಬೇತಿಗೆ 78 ದಿನ ಬೇಕು. 78 ದಿನದ ಕೂಲಿ 28,860 ರೂಪಾಯಿ. ಶುಲ್ಕ ಇಲ್ಲ, ಯೂನಿಫಾರ್ಮ್ ಕೊಡ್ತೀವಿ, ಊಟ ಕೊಡ್ತೀವಿ ಅಂತ ಹೇಳಿದರೂ ಆ ಮನೆಗೆ ಆ ತರಬೇತಿಯ ಬೆಲೆ ಸುಮಾರು 29 ಸಾವಿರ. ಕಿರಾಣಿ ಅಂಗಡಿಯ ಉದ್ರಿ, ಸಂಘದ ವಾರದ ಕಂತು, ಅಜ್ಜಿಯ ಬಿಪಿ ಗುಳಿಗೆ, ಇವು ಯಾವುವೂ ಮೂರು ತಿಂಗಳು ಕಾಯುವುದಿಲ್ಲ. "ಕಲಿಯಾಕ ಹೋದ್ರ ಮನ್ಯಾಗ ಒಲಿ ಹೊತ್ತೋದ ಹ್ಯಾಂಗ್ರೀ?" ಅಂತ ಯಾರಾದರೂ ಕೇಳಿದರೆ ಅದನ್ನು ಸೋಮಾರಿತನ ಅಂತ ತಳ್ಳಿಹಾಕೋಕೆ ಬರಲ್ಲ. ಅದು ಸರಿಯಾದ ಲೆಕ್ಕ.

ಈಗ ಸರ್ಕಾರದ ಹಣ ಯಾರಿಗೆ ಸಿಗುತ್ತದೆ ನೋಡಿ. ರಾಜ್ಯದ ಯುವನಿಧಿ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ಹಾಕಲು ಶುರುವಾಯಿತು. ಪದವಿ ಮುಗಿಸಿ ಕೆಲಸ ಹುಡುಕುವವರಿಗೆ ಆಸರೆ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಪದವಿಯವರೆಗೆ ಓದಿಸುವ ಶಕ್ತಿ ಒಂದಿಷ್ಟಾದರೂ ಇದ್ದ ಮನೆಗೆ ಆ ಹಣ ಹೋಯಿತು. ಎಂಟನೇ ತರಗತಿಗೇ ಕಬ್ಬಿನ ಗದ್ದೆಗೆ ಇಳಿದ ಹುಡುಗ ಹೊಸ ಕೆಲಸ ಕಲಿಯುತ್ತೇನೆ ಅಂದರೆ ಅವನ ಮೂರು ತಿಂಗಳಿಗೆ ಅಂಥ ಭತ್ಯೆ ಇಲ್ಲ.

ಹಾಗಂತ ಕಲಿಯುವ ದಿನಕ್ಕೆ ಕೂಲಿ ಕೊಡುವುದು ಸರ್ಕಾರಕ್ಕೆ ಹೊಸ ವಿಚಾರವೇನಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ ಇದೆ. ಬಡಗಿ, ಕಮ್ಮಾರ, ಗೌಂಡಿ, ದರ್ಜಿ, ಕ್ಷೌರಿಕ ಹೀಗೆ 18 ಕಸುಬುಗಳಿಗೆ ಇದು ಅನ್ವಯ. ಜೊತೆಗೆ ಉಪಕರಣಕ್ಕೆ 15,000 ರೂಪಾಯಿ, ಆಮೇಲೆ ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ನಂತರ 2 ಲಕ್ಷದವರೆಗೆ ಸಾಲ. ತತ್ವ ಸರಿಯಾಗಿದೆ: ಕಲಿಯಲು ಬಂದವನ ಕೂಲಿ ಹೋಗುತ್ತದೆ, ಅದನ್ನು ತುಂಬಿಕೊಡಬೇಕು. ಮೂಲ ತರಬೇತಿ ಐದರಿಂದ ಏಳು ದಿನದ್ದು, ಹಾಗಾಗಿ ಖರ್ಚು ದೊಡ್ಡದಾಗಿ ಕಾಣಲಿಲ್ಲ. ಮೂರು ತಿಂಗಳ ಕೋರ್ಸಿಗೆ ಬಂದಾಗ ಮಾತ್ರ ಆ ತತ್ವ ಮರೆತುಹೋಗುತ್ತದೆ.

ಇನ್ನೊಂದು ವಿಷಯ ನಮ್ಮ ಭಾಗದವರಿಗೆ ನೇರವಾಗಿ ತಟ್ಟುವಂಥದ್ದು. ಆ 18 ಕಸುಬುಗಳ ಪಟ್ಟಿಯಲ್ಲಿ ಬುಟ್ಟಿ, ಚಾಪೆ ಹೆಣೆಯುವವರಿದ್ದಾರೆ. ಸೀರೆ ನೇಯುವವರಿಲ್ಲ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ರಬಕವಿ-ಬನಹಟ್ಟಿಯ ಮಗ್ಗಗಳು, ಬೆಳಗಾವಿಯ ವಡಗಾವಿ, ಶಹಾಪುರ, ಖಾಸಬಾಗ್‌ನ ವಿದ್ಯುತ್ ಮಗ್ಗಗಳು, ಇವುಗಳ ಮೇಲೆ ಬದುಕುವ ಮನೆಗಳು ಆ ಬಾಗಿಲಿನಿಂದ ಹೊರಗೇ ಉಳಿದವು. ಜವಳಿ ಸಚಿವಾಲಯದ ಸಮರ್ಥ್ ಯೋಜನೆ ಅವರಿಗೆ ಬೇರೆ ಇದೆ. ಆದರೆ ನೇಕಾರರ ಮನೆಯ ಮಕ್ಕಳಿಗೆ ನೇಯ್ಗೆ ಕಲಿಸುವವರು ಹೊರಗಿನಿಂದ ಬರಬೇಕಿಲ್ಲ. ಒಂದು ಸೀರೆಗೆ ಸಿಗುವ ಮಜೂರಿಯನ್ನು ಅದಕ್ಕೆ ಹಿಡಿದ ದಿನಗಳಿಂದ ಭಾಗಿಸಿ ನೋಡಿದ ಮೇಲೇ ಅವರು ಮಗ್ಗ ಬಿಡುತ್ತಾರೆ. ಕಂಡಿಕೆ ಸುತ್ತುವ ತಾಯಿಗೆ, ಅಕ್ಕನಿಗೆ ಪ್ರತ್ಯೇಕ ಕೂಲಿಯೂ ಇರುವುದಿಲ್ಲ. ಅಂಥ ಮನೆಗೆ ನೇಯ್ಗೆಯ ಇನ್ನೊಂದು ಸರ್ಟಿಫಿಕೇಟ್‌ನಿಂದ ಏನೂ ಆಗದು.

ಕೂಲಿಗಿಂತ ಗಟ್ಟಿಯಾದ ಕಟ್ಟು ಮುಂಗಡ. ಕಬ್ಬು ಕಡಿಯುವ ಗ್ಯಾಂಗು, ಇಟ್ಟಿಗೆ ಭಟ್ಟಿ, ಎಲ್ಲ ಕಡೆ ಕೆಲಸ ಶುರುವಾಗುವ ಮೊದಲೇ ಕೈಗೆ ದುಡ್ಡು ಬರುತ್ತದೆ. ಮದುವೆಗೆ, ಆಸ್ಪತ್ರೆಗೆ, ಹಳೆಯ ಸಾಲಕ್ಕೆ ಅದು ಖರ್ಚಾಗುತ್ತದೆ. ಆಮೇಲೆ ಮುಕಾದಮ್, ಅಂದರೆ ಆಳುಗಳನ್ನು ಕರೆದೊಯ್ಯುವ ಮೇಸ್ತ್ರಿ, ಕರೆದಾಗ ಗಂಡ-ಹೆಂಡತಿ ಜೋಡಿಯಾಗಿ ಹೋಗಲೇಬೇಕು. 2025ರ ಜನವರಿಯಲ್ಲಿ ವಿಜಯಪುರದ ಇಟ್ಟಿಗೆ ಭಟ್ಟಿಯೊಂದರಲ್ಲಿ ಕಾರ್ಮಿಕರನ್ನು ಕೂಡಿಹಾಕಿ ಪೈಪಿನಿಂದ ಹೊಡೆದ ವಿಡಿಯೊ ರಾಜ್ಯವನ್ನೇ ನಡುಗಿಸಿತು. ಹೊಡೆಸಿಕೊಂಡವರು ಜಮಖಂಡಿ ತಾಲ್ಲೂಕಿನವರು. ಜಗಳದ ಮೂಲ ಮುಂಗಡ ಹಣ. ಹೀಗೆ ಕಟ್ಟಿಹಾಕಿಕೊಂಡ ಮನುಷ್ಯನಿಗೆ ಒಳ್ಳೆಯ ಕೋರ್ಸ್ ಇದೆ ಬಾ ಅಂತ ಪಾಂಪ್ಲೆಟ್ ಕೊಟ್ಟರೆ ಅದನ್ನು ಏನು ಮಾಡಿಯಾನು? ಮೊದಲು ಆ ಮುಂಗಡ ತೀರಬೇಕು. ಸ್ತ್ರೀಶಕ್ತಿ ಸಂಘ, ಸಂಜೀವಿನಿ ಒಕ್ಕೂಟಗಳ ಮೂಲಕ ಕಡಿಮೆ ಬಡ್ಡಿಯ ಸಾಲ ಕೊಟ್ಟು ಮುಂಗಡ ತೀರಿಸಿ, ಆ ಕುಟುಂಬದ ಒಬ್ಬರನ್ನಾದರೂ ಆ ವರ್ಷದ ಹಂಗಾಮಿನಿಂದ ಬಿಡಿಸಿ ತರಬೇತಿಗೆ ಕಳಿಸುವುದು ಸಾಧ್ಯವಿರುವ ಕೆಲಸ. ಆದರೆ ಸಾಲ ಕೊಡುವ ಇಲಾಖೆ ಬೇರೆ, ತರಬೇತಿ ಕೊಡುವ ಇಲಾಖೆ ಬೇರೆ. ಇಬ್ಬರೂ ಒಂದೇ ಮನೆಗೆ ಒಟ್ಟಿಗೆ ಹೋಗುವುದಿಲ್ಲ.

ಹಂಗಾಮಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಬ್ಬು ನುರಿಸುವುದು ಅಕ್ಟೋಬರ್-ನವೆಂಬರ್‌ಗೆ ಶುರುವಾಗಿ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ. ಸರ್ಕಾರದ ವರ್ಷವೂ ಮಾರ್ಚ್‌ಗೆ ಮುಗಿಯುತ್ತದೆ. ಗುರಿ ಮುಟ್ಟಿಸುವ ಗಡಿಬಿಡಿ ಯಾವಾಗಲೂ ವರ್ಷದ ಕೊನೆಗೆ ಜಾಸ್ತಿ. ಅಂದರೆ ಬ್ಯಾಚ್ ತುಂಬಿಸಲು ಓಡಾಡುವ ಹೊತ್ತಿಗೆ ತಾಂಡಾದ ಅರ್ಧ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಏಪ್ರಿಲ್-ಮೇನಲ್ಲಿ ಜನ ಊರಿಗೆ ಬಂದಿರುತ್ತಾರೆ, ಆಗ ಹೊಸ ವರ್ಷದ ಅನುದಾನದ ದಾರಿ ಕಾಯುತ್ತಾ ಕೇಂದ್ರಗಳು ಸುಮ್ನೆ ಕೂತಿರುತ್ತವೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ಮೂರು ಜಿಲ್ಲೆಗಳ ಮಟ್ಟಿಗೆ ತರಬೇತಿಯ ಕ್ಯಾಲೆಂಡರನ್ನು ಕಬ್ಬಿನ ಕ್ಯಾಲೆಂಡರಿಗೆ ಹೊಂದಿಸಿಕೊಳ್ಳಬೇಕು. ಇದಕ್ಕೆ ಹೆಚ್ಚಿನ ದುಡ್ಡೂ ಬೇಡ.

2023ರ ಡಿಸೆಂಬರ್‌ನಲ್ಲಿ ವಿಜಯಪುರದ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಮೆಕ್ಕೆಜೋಳದ ಮೂಟೆಗಳು ಕುಸಿದು ಏಳು ಕಾರ್ಮಿಕರು ಸತ್ತರು. ಏಳೂ ಜನ ಬಿಹಾರದವರು. ವಿಜಯಪುರದ ಜನ ಗೋವಾದಲ್ಲಿ ಕಟ್ಟಡ ಕಟ್ಟುತ್ತಿದ್ದಾರೆ, ವಿಜಯಪುರದ ಗೋದಾಮಿನಲ್ಲಿ ಬಿಹಾರದವರು ಮೂಟೆ ಹೊರುತ್ತಿದ್ದಾರೆ. ಇದನ್ನು ಸ್ಥಳೀಯರು-ಹೊರಗಿನವರು ಅನ್ನುವ ಜಗಳ ಮಾಡುವುದು ತಪ್ಪು. ಎರಡೂ ಕಡೆ ನಡೆಯುತ್ತಿರುವುದು ಒಂದೇ. ದೂರದಿಂದ ಬಂದ ಕೂಲಿಯವನು ಕೆಲಸದ ಜಾಗದಲ್ಲೇ ಮಲಗುತ್ತಾನೆ, ಹಬ್ಬಕ್ಕೆ ಊರಿಗೆ ಹೋಗುತ್ತೇನೆ ಅನ್ನುವುದಿಲ್ಲ, ಹನ್ನೆರಡು ಗಂಟೆ ದುಡಿಯುತ್ತಾನೆ. ಕಾಂಟ್ರಾಕ್ಟರ್‌ಗೆ ಬೇಕಾಗಿರುವುದೂ ಅದೇ. ಕೆಲಸಕ್ಕೆ ಜನ ಸಿಗುತ್ತಿಲ್ಲ ಅನ್ನುವ ದೂರಿನಲ್ಲಿ ಒಂದು ಭಾಗ, ಇಷ್ಟು ಕೂಲಿಗೆ ಇಷ್ಟು ಹೊತ್ತು ದುಡಿಯುವ ಜನ ಸಿಗುತ್ತಿಲ್ಲ ಅನ್ನೋದು. ಆ ಭಾಗವನ್ನು ಯಾವ ತರಬೇತಿಯೂ ಸರಿ ಮಾಡಲ್ಲ. ಅಲ್ಲಿ ಸಂಬಳ, ಪಾಳಿ, ಸುರಕ್ಷತೆ ಸರಿಯಾಗಬೇಕು.

ಉಳಿದ ಭಾಗಕ್ಕೆ ತರಬೇತಿ ಬೇಕು, ಮತ್ತು ಅದು ಕೆಲಸ ಮಾಡುತ್ತದೆ. ಬೆಳಗಾವಿಯಲ್ಲಿ ಫೌಂಡ್ರಿ, ಮಷೀನ್ ಶಾಪ್, ಹೈಡ್ರಾಲಿಕ್ಸ್ ಬೆಳೆದದ್ದೇ ಕೈಯಲ್ಲಿ ಕೆಲಸ ಇದ್ದ ಜನರಿಂದ. ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಬಳಿ ವಿಮಾನದ ಬಿಡಿಭಾಗ ತಯಾರಿಸುವ ವಿಶೇಷ ಆರ್ಥಿಕ ವಲಯ ಬಂದದ್ದೂ ಇದೇ ಸೀಮೆಗೆ. ಈ ಕೆಲಸಗಳಲ್ಲಿ ಅಳತೆಯೇ ಮುಖ್ಯ. ವರ್ನಿಯರ್ ಕ್ಯಾಲಿಪರ್ ಹಿಡಿದ ಹುಡುಗನನ್ನು ನೋಡಿ. ಲೇತ್‌ನಿಂದ ಇಳಿದ ತುಂಡನ್ನು ಎರಡು ದವಡೆಗಳ ನಡುವೆ ಹಿಡಿಯಬೇಕು. ಜಾಸ್ತಿ ಒತ್ತಿದರೆ ಅಳತೆ ತಪ್ಪುತ್ತದೆ, ಸಡಿಲ ಬಿಟ್ಟರೂ ತಪ್ಪುತ್ತದೆ. ಮೇಲಿನ ಪಟ್ಟಿ 24 ಮಿಲಿಮೀಟರ್ ದಾಟಿದೆ. ಜಾರುವ ಪಟ್ಟಿಯಲ್ಲಿ ಯಾವ ಗೆರೆ ಮೇಲಿನ ಗೆರೆಗೆ ನೇರ ಕೂತಿದೆ ಅಂತ ಬೆಳಕಿಗೆ ಹಿಡಿದು ನೋಡಬೇಕು. 17ನೆಯದು. ಒಂದು ಗೆರೆಗೆ 0.02, ಹದಿನೇಳಕ್ಕೆ 0.34. ಒಟ್ಟು 24.34. ಡ್ರಾಯಿಂಗ್‌ನಲ್ಲಿ ಎಷ್ಟಿದೆ? 24.30, ಹೆಚ್ಚೆಂದರೆ 0.05 ಅತ್ತಿತ್ತ. ಹಾಗಾದರೆ ಈ ತುಂಡು ಪಾಸು.

ಒಂಬತ್ತನೇ ತರಗತಿಯಲ್ಲಿ ದಶಾಂಶಕ್ಕೆ ಹೆದರಿ ಶಾಲೆ ಬಿಟ್ಟ ಹುಡುಗ ಇದನ್ನು ಕೆಲವೇ ದಿನಗಳಲ್ಲಿ ಹಿಡಿಯಬಲ್ಲ, ಯಾಕೆಂದರೆ ಈಗ ಆ ದಶಾಂಶ ಅವನ ಕೈಯಲ್ಲೇ ಇದೆ. ಆದರೆ ಅದನ್ನು ಕಲಿಸುವವರು ಕನ್ನಡದಲ್ಲಿ, ಬೇಕಾದರೆ ಮರಾಠಿಯಲ್ಲಿ ಹೇಳಬೇಕು. ಹತ್ತು ಜನಕ್ಕೆ ಒಂದು ವರ್ನಿಯರ್ ಕೊಟ್ಟು ಉಳಿದವರಿಗೆ ಪ್ರೊಜೆಕ್ಟರ್‌ನಲ್ಲಿ ಇಂಗ್ಲಿಷ್ ಸ್ಲೈಡ್ ತೋರಿಸಿದರೆ ಅವನು ಮತ್ತೆ ಹಿಂದಿನ ಬೆಂಚಿಗೇ ಹೋಗುತ್ತಾನೆ. ಎರಡನೇ ಸಲ ಶಾಲೆ ಬಿಟ್ಟಂತಾಗುತ್ತದೆ. ಎರಡನೇ ಸಲ ಬಿಟ್ಟವನು ಮೂರನೇ ಸಲ ಬರುವುದು ಕಷ್ಟ.

ಕೆಲಸ ಕೆಲಸದಲ್ಲೇ ಕಲಿಯಲಿ ಅನ್ನೋದಕ್ಕೆ ಕಾನೂನೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತನ್ನ ಒಟ್ಟು ಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಕಾಂಟ್ರಾಕ್ಟ್ ಕೆಲಸಗಾರರೂ ಆ ಲೆಕ್ಕದಲ್ಲಿ ಸೇರುತ್ತಾರೆ. 2019ರ ತಿದ್ದುಪಡಿಯಲ್ಲಿ 5ರಿಂದ 9ನೇ ತರಗತಿವರೆಗೆ ಓದಿದವರಿಗೂ ತಿಂಗಳಿಗೆ ಕನಿಷ್ಠ 5,000 ರೂಪಾಯಿ ಸ್ಟೈಪೆಂಡ್ ಅಂತ ನಿಗದಿಯಾಯಿತು. ಅದರಲ್ಲಿ ಕಾಲು ಭಾಗ, ಹೆಚ್ಚೆಂದರೆ 1,500 ರೂಪಾಯಿ, ಕೇಂದ್ರವೇ ಭರಿಸುತ್ತದೆ. ನನ್ನ ಪ್ರಕಾರ ಬಡ ಮನೆಯ ಹುಡುಗನಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕಲಿಯುವಾಗಲೇ ಕೈಗೆ ಒಂದಿಷ್ಟು ದುಡ್ಡು ಬರುತ್ತದೆ, ಕಲಿಯುವುದು ನಿಜವಾದ ಮಷೀನಿನ ಮೇಲೆ. ತೊಡಕು ಎಲ್ಲಿದೆ ಅಂದರೆ ಉದ್ಯಮಬಾಗ್‌ನಂಥ ಕಡೆ ಸಣ್ಣ ಘಟಕಗಳೇ ಜಾಸ್ತಿ. 30ಕ್ಕಿಂತ ಕಡಿಮೆ ಜನ ಇದ್ದರೆ ಕಡ್ಡಾಯ ಇಲ್ಲ. ಆನ್‌ಲೈನ್ ನೋಂದಣಿ, ತಿಂಗಳ ತಿಂಗಳ ಹಾಜರಾತಿ, ಕ್ಲೇಮು, ಇದನ್ನೆಲ್ಲ ನೋಡಿಕೊಳ್ಳಲು ಎಂಟು ಜನರ ವರ್ಕ್‌ಶಾಪ್‌ನಲ್ಲಿ ಯಾರಿದ್ದಾರೆ? ಮಾಲೀಕನೇ ಮಷೀನ್ ಮುಂದೆ ನಿಂತಿರುತ್ತಾನೆ. ಹತ್ತಿಪ್ಪತ್ತು ಸಣ್ಣ ಘಟಕಗಳ ಪರವಾಗಿ ಒಂದು ಕೈಗಾರಿಕಾ ಸಂಘವೋ ಐಟಿಐಯೋ ಈ ಕಾಗದದ ಕೆಲಸ ಹೊತ್ತರೆ ಸಾಕು, ಹುಡುಗರಿಗೆ ಜಾಗ ಸಿಗುತ್ತದೆ.

ಹೆಣ್ಣುಮಕ್ಕಳ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಹಳ್ಳಿಯ ಮಹಿಳೆಗೆ ತರಬೇತಿ ಅಂದ ಕೂಡಲೇ ಎಲ್ಲರ ತಲೆಗೂ ಬರುವುದು ಹೊಲಿಗೆ. ಹೊಲಿಗೆ ಒಳ್ಳೆಯ ಕಸುಬು, ಅದರಿಂದಲೇ ಮಕ್ಕಳನ್ನು ಓದಿಸಿದ ತಾಯಂದಿರು ಊರೂರಲ್ಲಿದ್ದಾರೆ. ಆದರೆ ಒಂದೇ ಊರಲ್ಲಿ ಇಪ್ಪತ್ತು ಜನಕ್ಕೆ ಹೊಲಿಗೆ ಕಲಿಸಿದರೆ ಬ್ಲೌಸ್ ಹೊಲಿಸುವವರು ಎಲ್ಲಿಂದ ಬರಬೇಕು? ರೇಟು ಇಳಿಯುತ್ತದೆ. ಇಬ್ಬರು ಉಳಿಯುತ್ತಾರೆ, ಹದಿನೆಂಟು ಜನರ ಮನೆಯಲ್ಲಿ ಮಷೀನ್ ಮೇಲೆ ಬಟ್ಟೆಯ ರಾಶಿ ಕೂತಿರುತ್ತದೆ. ಹಾಗಾದರೆ ಗಾರ್ಮೆಂಟ್ಸ್‌ಗೆ ಹೋಗಲಿ ಅಂದರೆ ಅಲ್ಲಿ ಓಡುವುದು ಪವರ್ ಮಷೀನ್. ಕಾಲಲ್ಲಿ ತುಳಿಯುವ ಮಷೀನ್‌ನಲ್ಲಿ ಕಲಿತ ಹೆಂಗಸು ಅದರ ಪೆಡಲ್ ಮುಟ್ಟಿದ ತಕ್ಷಣ ಸೂಜಿ ಸರ್ರಂತ ಅರ್ಧ ಮೊಳ ಓಡಿಬಿಡುತ್ತದೆ. ಅಲ್ಲಿ ಒಬ್ಬಳು ಇಡೀ ಬ್ಲೌಸ್ ಹೊಲಿಯುವುದೂ ಇಲ್ಲ. ಒಬ್ಬಳು ಕಾಲರ್, ಒಬ್ಬಳು ಕಫ್, ಗಂಟೆಗೆ ಇಂತಿಷ್ಟು ಪೀಸ್. ಊರಲ್ಲಿ ಕಲಿಸಿದ್ದು ಒಂದು ಕೆಲಸ, ಸಂಬಳ ಇರುವುದು ಇನ್ನೊಂದು ಕೆಲಸಕ್ಕೆ.

ಅದಕ್ಕೇ ಕಲಿಸುವ ಮೊದಲು ಊರಿನ ಸುತ್ತ ಏನು ನಡೆಯುತ್ತಿದೆ ಅಂತ ನೋಡಬೇಕು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸುತ್ತ ನಿಂಬೆ ಇದೆ, ಅದಕ್ಕೆ 2023ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ತಿಕೋಟಾ ಕಡೆ ದ್ರಾಕ್ಷಿ, ಒಣದ್ರಾಕ್ಷಿ ಇದೆ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಒಣದ್ರಾಕ್ಷಿ ಗ್ರೇಡಿಂಗ್, ಪ್ಯಾಕಿಂಗ್, ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುವುದು, ಡ್ರಿಪ್ ರಿಪೇರಿ, ಪಂಪ್ ವೈಂಡಿಂಗ್, ಸೋಲಾರ್ ಪ್ಯಾನೆಲ್ ಜೋಡಿಸುವುದು, ಇವನ್ನೆಲ್ಲ ಹೆಂಗಸರೂ ಮಾಡುತ್ತಾರೆ, ಕಲಿಸಿದರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಉಚಿತವಾಗಿರುವುದು ಇಲ್ಲಿ ದೊಡ್ಡ ಸಹಾಯ. ತಾಲ್ಲೂಕು ಕೇಂದ್ರಕ್ಕೆ ದಿನಾ ಹೋಗಿ ಬರುವ ಖರ್ಚು ಹೆಣ್ಣುಮಕ್ಕಳಿಗೆ ಇಲ್ಲ. ಆದರೆ ಊರಿಗೆ ಕೊನೆಯ ಬಸ್ ಐದೂವರೆಗಿದ್ದು ತರಗತಿ ಆರಕ್ಕೆ ಬಿಟ್ಟರೆ ಆ ಉಚಿತ ಟಿಕೆಟ್ ಯಾವ ಕೆಲಸಕ್ಕೂ ಬರುವುದಿಲ್ಲ. ಸಣ್ಣ ಮಗುವನ್ನು ಎಲ್ಲಿ ಬಿಡುವುದು ಅನ್ನುವ ಪ್ರಶ್ನೆಗೂ ಉತ್ತರ ಬೇಕು. ತರಬೇತಿ ಕೇಂದ್ರದ ಪಕ್ಕದ ಕೋಣೆಯಲ್ಲಿ ಒಂದು ಶಿಶುಪಾಲನಾ ಕೇಂದ್ರ ಇದ್ದರೆ ಬ್ಯಾಚಿನ ಹಾಜರಾತಿಯೇ ಬದಲಾಗುತ್ತದೆ.

ಅರ್ಜಿ ಫಾರಂ ಕೂಡ ಕೆಲವರನ್ನು ಹೊರಗೆ ನಿಲ್ಲಿಸುತ್ತದೆ. ತಂದೆಯ ಹೆಸರು ಅನ್ನುವ ಒಂದು ಖಾನೆ. ಸವದತ್ತಿ, ಅಥಣಿ, ರಾಯಬಾಗ, ಮುಧೋಳ, ಜಮಖಂಡಿ ಕಡೆಯ ಮಾಜಿ ದೇವದಾಸಿಯರ ಮಕ್ಕಳು ಆ ಖಾನೆಯ ಮುಂದೆ ಪೆನ್ನು ನಿಲ್ಲಿಸುತ್ತಾರೆ. ದೇವದಾಸಿ ಸಮರ್ಪಣೆ ನಿಷೇಧಿಸುವ ಕಾಯ್ದೆ ಬಂದದ್ದು 1982ರಲ್ಲಿ. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆಯಲ್ಲಿ ಈ ಮಕ್ಕಳು ದಾಖಲೆಗಳಲ್ಲಿ ತಂದೆಯ ಹೆಸರು ಕೊಡಲೇಬೇಕೆಂದಿಲ್ಲ ಅಂತ ಸೇರಿಸಲಾಯಿತು. ಇದು ಪ್ರತಿ ತರಬೇತಿ ಕೇಂದ್ರದ ಮೇಜಿನವರೆಗೆ, ಪ್ರತಿ ಪೋರ್ಟಲ್‌ನ ಆ ಕೆಂಪು ನಕ್ಷತ್ರದ ಗುರುತಿನವರೆಗೆ ಇಳಿದು ಬರಬೇಕು.

ಇನ್ನು ವಯಸ್ಸಾದವರು. ಇಪ್ಪತ್ತು ವರ್ಷ ಗೋಡೆ ಕಟ್ಟಿದ ಗೌಂಡಿಗೆ ಹೊಸದಾಗಿ ಕಲಿಸುವುದಕ್ಕಿಂತ, ಅವನಿಗೆ ಗೊತ್ತಿರುವುದಕ್ಕೆ ಒಂದು ಕಾಗದ ಕೊಡುವುದು ಮುಖ್ಯ. ಹಿಂದಿನ ಕಲಿಕೆಯನ್ನು ಗುರುತಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೌಶಲ ಯೋಜನೆಯಲ್ಲೇ ಇದೆ, ಆರ್‌ಪಿಎಲ್ ಅಂತಾರೆ. ಆದರೆ ಆ ಕಾಗದ ನೋಡಿ ಯಾರಾದರೂ ದಿನಕ್ಕೆ ಐವತ್ತು ರೂಪಾಯಿ ಹೆಚ್ಚು ಕೊಟ್ಟರೆ ತಾನೇ ಅದಕ್ಕೆ ಬೆಲೆ? ಸರ್ಕಾರಿ ಕಟ್ಟಡಗಳ ಗುತ್ತಿಗೆಯಲ್ಲಿ ಪ್ರಮಾಣಪತ್ರ ಇರುವ ಇಂತಿಷ್ಟು ಕೆಲಸಗಾರರು ಇರಬೇಕು, ಅವರಿಗೆ ಕುಶಲ ಕಾರ್ಮಿಕರ ದರವೇ ಕೊಡಬೇಕು ಅಂತ ಷರತ್ತು ಹಾಕಿದರೆ ನಾಳೆಯೇ ಬೇಡಿಕೆ ಹುಟ್ಟುತ್ತದೆ.

ಈಗ ಎಣಿಕೆಯ ಪ್ರಶ್ನೆಗೆ ಬರೋಣ, ಎಲ್ಲ ಎಡವಟ್ಟಿನ ಬೇರು ಅಲ್ಲಿದೆ ಅಂತ ನನಗನಿಸುತ್ತದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ) ವರದಿ 2015ರಿಂದ 2022ರವರೆಗಿನ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯನ್ನು ಪರಿಶೀಲಿಸಿತು. ನೋಂದಾಯಿತರಲ್ಲಿ ಶೇ 94ಕ್ಕೂ ಹೆಚ್ಚು ಜನರ ಬ್ಯಾಂಕ್ ಖಾತೆಯ ವಿವರ ಖಾಲಿ ಅಥವಾ ಅರ್ಥವಿಲ್ಲದ್ದು ಅಂತ ಅದು ಹೇಳಿತು. ಅಲ್ಪಾವಧಿ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದವರಲ್ಲಿ ಕೆಲಸ ಸಿಕ್ಕಿದ್ದು ನೂರಕ್ಕೆ 41 ಜನಕ್ಕೆ. ಇದು ಇಡೀ ದೇಶದ ಲೆಕ್ಕ. ದಾಖಲಾತಿಗೆ ಇಷ್ಟು, ಪ್ರಮಾಣಪತ್ರಕ್ಕೆ ಇಷ್ಟು ಅಂತ ಹಣ ಬಿಡುಗಡೆಯಾದರೆ ಕೇಂದ್ರಗಳು ದಾಖಲಾತಿ ಮತ್ತು ಪ್ರಮಾಣಪತ್ರವನ್ನೇ ತಯಾರಿಸುತ್ತವೆ.

ಗ್ರಾಮೀಣ ಕೌಶಲ್ಯ ಯೋಜನೆ ಈ ವಿಷಯದಲ್ಲಿ ಸ್ವಲ್ಪ ಮುಂದೆ ಯೋಚಿಸಿತ್ತು. ತರಬೇತಾದವರಲ್ಲಿ ಕನಿಷ್ಠ ಶೇ 70 ಜನಕ್ಕೆ ಕೆಲಸ ಕೊಡಿಸಬೇಕು, ಮೂರು ತಿಂಗಳು ಕೆಲಸದಲ್ಲಿದ್ದರೆ ಮಾತ್ರ ಉದ್ಯೋಗ ಅಂತ ಲೆಕ್ಕ. ಕೆಲಸ ಸಿಕ್ಕ ಮೇಲೂ ತಿಂಗಳಿಗೆ 1,000 ರೂಪಾಯಿ ಆಸರೆ: ಸ್ವಂತ ಜಿಲ್ಲೆಯಲ್ಲಾದರೆ ಎರಡು ತಿಂಗಳು, ರಾಜ್ಯದೊಳಗಾದರೆ ಮೂರು, ಹೊರರಾಜ್ಯವಾದರೆ ಆರು. ಇದನ್ನು ಬರೆದವರಿಗೆ ಬಡವರ ಮನೆ ಗೊತ್ತಿತ್ತು ಅಂತ ಅನಿಸುತ್ತದೆ. ಹೊಸ ಊರಿಗೆ ಹೋದವನಿಗೆ ಮೊದಲ ಸಂಬಳ ಬರುವ ಮುಂಚೆಯೇ ರೂಮ್ ಅಡ್ವಾನ್ಸ್, ಮೆಸ್, ಬಸ್ ಪಾಸ್ ಎಲ್ಲ ಬೇಕು. ಸಾವಿರ ರೂಪಾಯಿ ಆಗಿನ ಕಾಲಕ್ಕೂ ಕಡಿಮೆಯೇ, ಇವತ್ತು ಅದರಲ್ಲಿ ಬೆಂಗಳೂರಿನ ಪಿಜಿಯಲ್ಲಿ ನಾಲ್ಕು ದಿನ ಇರುವುದೂ ಕಷ್ಟ. ಮತ್ತೆ ಮೂರು ತಿಂಗಳ ಎಣಿಕೆಯೂ ಸಾಲದು. ನಾಲ್ಕನೇ ತಿಂಗಳಿಗೆ ಊರಿಗೆ ವಾಪಸ್ ಬಂದ ಹುಡುಗರು ಯಾವ ವರದಿಯಲ್ಲೂ ಇಲ್ಲ, ಊರ ಕಟ್ಟೆ ಮೇಲೆ ಇದ್ದಾರೆ. ಒಂದು ವರ್ಷ ಕೆಲಸದಲ್ಲಿ ಉಳಿದರೆ ಕೊನೆಯ ಕಂತು ಅಂತ ನಿಯಮ ಮಾಡಿದರೆ ತರಬೇತಿ ಸಂಸ್ಥೆಯವರು ತಾವೇ ಫೋನ್ ಮಾಡಿ ವಿಚಾರಿಸುತ್ತಾರೆ: ರೂಮ್ ಸಿಕ್ತಾ, ಊಟ ಸರಿ ಇದೆಯಾ, ಸೂಪರ್‌ವೈಸರ್ ಹೇಗಿದ್ದಾರೆ?

ಹೀಗೆ ಬೆನ್ನುಹತ್ತಿ ನೋಡಿಕೊಳ್ಳುವ ಮಾದರಿಗೆ ನಾವು ಹೊರಗೆಲ್ಲೋ ಹುಡುಕಬೇಕಿಲ್ಲ. 1982ರಲ್ಲಿ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ ಶುರುವಾದ ರುಡ್‌ಸೆಟ್ ಸಂಸ್ಥೆಯನ್ನು ನೋಡಿಯೇ ಕೇಂದ್ರ ಸರ್ಕಾರ ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿಗಳನ್ನು, ಅಂದರೆ ಬ್ಯಾಂಕುಗಳು ನಡೆಸುವ ಆ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು, ತೆರೆಯಿತು. ರುಡ್‌ಸೆಟ್ ವಿಜಯಪುರದಲ್ಲೂ ಇದೆ. ವಸತಿ, ಊಟ ಸಹಿತ ಉಚಿತ ತರಬೇತಿ, ಆಮೇಲೆ ಬ್ಯಾಂಕ್ ಸಾಲಕ್ಕೆ ಸಹಾಯ, ಎರಡು ವರ್ಷ ಬೆನ್ನಿಗೆ ನಿಂತು ವಿಚಾರಿಸುವುದು, ಇದು ಅವರ ಕ್ರಮ. ಸ್ವಂತ ಕೆಲಸ ಮಾಡುವವರಿಗೆ ಸಿಕ್ಕ ಈ ಎರಡು ವರ್ಷ, ಸಂಬಳದ ಕೆಲಸಕ್ಕೆ ಹೋಗುವವರಿಗೂ ಸಿಗಬೇಕು ಅನ್ನೋದಷ್ಟೇ ನನ್ನ ಮಾತು.

ಈಗಲೇ ದಾರಿ ಹುಡುಕುತ್ತಿರುವವರಿಗೆ ಒಂದೆರಡು ವಿಷಯ. ಎಸ್ಸೆಸ್ಸೆಲ್ಸಿ ಫೇಲಾದರೆ ಎಲ್ಲ ಮುಗಿಯಿತು ಅಂತಲ್ಲ. ಐಟಿಐಯಲ್ಲಿ ವೆಲ್ಡರ್, ವೈರ್‌ಮನ್‌ನಂಥ ಟ್ರೇಡ್‌ಗಳಿಗೆ ಎಂಟನೇ ತರಗತಿ ಪಾಸಾಗಿದ್ದರೆ ಸಾಕು. ಸೇರಲು 14 ವರ್ಷ ತುಂಬಿರಬೇಕು, ಮೇಲಿನ ವಯಸ್ಸಿನ ಮಿತಿ ಇಲ್ಲ. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಹೊಸ ಮಷೀನುಗಳು ಬಂದಿವೆ. ನಿಮ್ಮ ತಾಲ್ಲೂಕಿನದು ಅದರಲ್ಲಿದೆಯಾ ಅಂತ ಕೇಳಿ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಬೆಳಗಾವಿಯ ಜಿಟಿಟಿಸಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ನೋಡಿ. ಮೂರು ವರ್ಷ ಓದು, ನಂತರ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಖಾಸಗಿ ಕೇಂದ್ರಕ್ಕೆ ಸೇರುವ ಮುಂಚೆ ಹಿಂದಿನ ಬ್ಯಾಚಿನ ನಾಲ್ಕು ಜನರನ್ನು ಹುಡುಕಿ, ಈಗ ಎಲ್ಲಿದ್ದೀರಿ, ಕೈಗೆ ಎಷ್ಟು ಬರುತ್ತದೆ ಅಂತ ಕೇಳಿ. ಕೆಲಸ ಗ್ಯಾರಂಟಿ ಅಂತ ಹೇಳಿ ಮೂಲ ಅಂಕಪಟ್ಟಿ ಇಟ್ಟುಕೊಳ್ಳುವವರಿಗೆ ಅಂಕಪಟ್ಟಿ ಕೊಡಲೇಬೇಡಿ.

ಇಷ್ಟು ಮಾಹಿತಿಯೂ ಹಳ್ಳಿಯಲ್ಲಿ ಒಂದೇ ಕಡೆ ಸಿಗುವುದಿಲ್ಲ. ಕೌಶಲ್ಯ ಕಚೇರಿ ಇರುವುದು ಜಿಲ್ಲಾ ಕೇಂದ್ರದಲ್ಲಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸಂಜೀವಿನಿ ಒಕ್ಕೂಟ ಇದೆ, ಅದರಲ್ಲಿ ಪುಸ್ತಕ ಬರೆಯುವ ಹೆಣ್ಣುಮಗಳಿಗೆ ಊರಿನ ಪ್ರತಿ ಮನೆಯ ಕಷ್ಟ ಗೊತ್ತು. ಯಾರ ಮಗ ಖಾಲಿ ಕೂತಿದ್ದಾನೆ, ಯಾರ ಮನೆಯಲ್ಲಿ ಮುಂಗಡ ತಗೊಂಡಿದ್ದಾರೆ, ಅವಳಿಗೆ ಕೇಳದೆಯೇ ಗೊತ್ತಿರುತ್ತದೆ. ಆ ಕೆಲಸಕ್ಕೆ ಸರಿಯಾದ ಗೌರವಧನ ಕೊಟ್ಟು, ಉದ್ಯೋಗದ ದಾರಿ ತೋರಿಸುವ ಜವಾಬ್ದಾರಿಯನ್ನೂ ಕೊಟ್ಟರೆ ಜಿಲ್ಲಾ ಮಟ್ಟದ ಹತ್ತು ಉದ್ಯೋಗ ಮೇಳಗಳಿಗಿಂತ ಹೆಚ್ಚು ಕೆಲಸ ಆಗುತ್ತದೆ.

ಈ ಮೂರು ಜಿಲ್ಲೆಗಳಿಗೆ ಇನ್ನೊಂದು ಕೊರತೆ ಇದೆ. ಪಕ್ಕದ ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳಕ್ಕೆ ಸಂವಿಧಾನದ 371(ಜೆ) ವಿಧಿಯಡಿ ಉದ್ಯೋಗದಲ್ಲಿ, ಶಿಕ್ಷಣದಲ್ಲಿ ಮೀಸಲಾತಿ ಇದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆಗೆ ಇಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75ರಷ್ಟಿದ್ದಾಗ ವಿಜಯಪುರದ್ದು 67, ಬಾಗಲಕೋಟೆಯದು 69ರ ಹತ್ತಿರ ಇತ್ತು. ಗಡಿ ಗೆರೆಯ ಆಚೆ ಈಚೆ ಬಡತನ ಒಂದೇ ಥರ ಇದೆ. ವಿಶೇಷ ಸ್ಥಾನಮಾನದ ಚರ್ಚೆ ಎಷ್ಟು ವರ್ಷ ನಡೆಯುತ್ತದೋ ಗೊತ್ತಿಲ್ಲ, ತರಬೇತಿ ಭತ್ಯೆಗೆ ಅಷ್ಟು ಕಾಯಬೇಕಿಲ್ಲ. ರಾಜ್ಯ ಬಜೆಟ್‌ನಲ್ಲಿ ಒಂದು ಸಾಲು ಸಾಕು.

ಬಾಗಲಕೋಟೆಯ ಮಟ್ಟಿಗಂತೂ ಇದು ತುರ್ತಿನ ಮಾತು. ಆಲಮಟ್ಟಿ ಅಣೆಕಟ್ಟೆಯ ಎತ್ತರವನ್ನು 519.60 ಮೀಟರ್‌ನಿಂದ 524.256ಕ್ಕೆ ಏರಿಸುವ ಕೃಷ್ಣಾ ಮೇಲ್ದಂಡೆ ಮೂರನೇ ಹಂತಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಪರಿಹಾರದ ದರ ನಿಗದಿ ಮಾಡಿತು. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ. ಮುಳುಗಡೆಯಾಗುವುದು ಸುಮಾರು 75 ಸಾವಿರ ಎಕರೆ. ಜಮೀನಿನ ಒಡೆಯನಿಗೆ ಹಣ ಬರುತ್ತದೆ. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಎಕರೆ ಲೆಕ್ಕದ ಪರಿಹಾರ ಇಲ್ಲ. ಒಡೆಯನ ಮಗನಿಗೂ ಆ ಹಣ ಬೈಕು, ಕಾರು, ಮದುವೆ, ಪ್ಲಾಟುಗಳಲ್ಲಿ ಕರಗಿದ ಮೇಲೆ ಏನು ಅನ್ನುವುದನ್ನು ಹಿಂದಿನ ಮುಳುಗಡೆ ಕಂಡ ಊರುಗಳಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ಪರಿಹಾರದ ಸರ್ವೆಗೆ ಮನೆ ಮನೆಗೆ ಹೋಗುವ ಸಿಬ್ಬಂದಿ ಅದೇ ಕಾಗದದಲ್ಲಿ 18 ದಾಟಿದ ಪ್ರತಿಯೊಬ್ಬರ ಓದು, ಕಸುಬು, ಕಲಿಯಬೇಕೆಂದಿರುವ ಕೆಲಸ ಬರೆದುಕೊಳ್ಳಲಿ. ಕೂಲಿ ಮನೆಗಳನ್ನೂ ಸೇರಿಸಿ. ನೀರು ಏರುವ ಮುಂಚೆಯೇ ಆ ಮಕ್ಕಳು ಭತ್ಯೆಯೊಂದಿಗೆ ಐಟಿಐಯಲ್ಲಿ, ವರ್ಕ್‌ಶಾಪ್‌ನಲ್ಲಿ, ಪ್ಯಾಕಿಂಗ್ ಘಟಕದಲ್ಲಿ ಕಲಿಯುತ್ತಿರಬೇಕು. ಅದಕ್ಕೆ ಇನ್ನೂ ಸಮಯ ಇದೆ.